ಕಾಣದ ನೋವಿಗೆ ಸಾಕ್ಷಿ ಯಾರು?

ಇನ್ನೊಬ್ಬರ ನೋವು ನಿಜವೆಂದು ನಾವು ಒಪ್ಪುವುದು ಯಾವ ಆಧಾರದ ಮೇಲೆ? ಗಾಯವಾದರೆ ರಕ್ತ ಕಾಣುತ್ತದೆ, ಜ್ವರ ಬಂದರೆ ಥರ್ಮಾಮೀಟರು ಹೇಳುತ್ತದೆ. ಇವೆರಡೂ ಇಲ್ಲದ ನೋವನ್ನು ನಂಬಬೇಕೆ, ಬೇಡವೆ? ಇದು ಪಂಡಿತರ ಚರ್ಚೆಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ನಡುರಾತ್ರಿ ಏಳುವ ಪ್ರಶ್ನೆ.

ಹಗಲೆಲ್ಲ ಕುಣಿದಾಡಿದ ಐದಾರು ವರ್ಷದ ಮಗು ನಿದ್ದೆಯಿಂದೆದ್ದು, "ಅಮ್ಮಾ, ಕಾಲು ಸೆಳೀತಿದೆ" ಎಂದು ಅಳುತ್ತದೆ. ಮೀನಖಂಡ, ತೊಡೆ, ಮೊಣಕಾಲಿನ ಹಿಂಬದಿ, ಹೆಚ್ಚಾಗಿ ಎರಡೂ ಕಾಲುಗಳಲ್ಲಿ. ದೀಪ ಹಾಕಿ ನೋಡಿದರೆ ಬಾವಿಲ್ಲ, ಕೆಂಪಾಗಿಲ್ಲ. ಬೆಳಗಾದರೆ ಅದೇ ಮಗು ಮೆಟ್ಟಿಲು ಹಾರಿ ಶಾಲೆಗೆ ಓಡುತ್ತದೆ. ಹಾಗಾದರೆ ರಾತ್ರಿಯದು ನೋವೋ, ಹಟವೋ?

ಸುಮಾರು 3ರಿಂದ 12 ವರ್ಷದೊಳಗಿನ ಮಕ್ಕಳಲ್ಲಿ ಇದು ಸಾಮಾನ್ಯ. 1823ರಲ್ಲಿ ಫ್ರಾನ್ಸಿನ ವೈದ್ಯರೊಬ್ಬರು ಇಂಥ ನೋವನ್ನು ಬೆಳವಣಿಗೆಗೆ ಸಂಬಂಧಿಸಿ ಬರೆದರು. 'ಬೆಳೆಯುವ ನೋವು' ಎಂಬ ಹೆಸರು ಉಳಿದುಕೊಂಡಿತು. ನಮ್ಮ ಹಿರಿಯರೂ "ಬೆಳೆಯೋ ಕಾಲು, ನೋಯುತ್ತೆ" ಎನ್ನುತ್ತಿದ್ದರು. ಆದರೆ ಲೆಕ್ಕ ಕೂಡಿಬರುವುದಿಲ್ಲ. ಮಗು ಅತಿ ವೇಗವಾಗಿ ಬೆಳೆಯುವುದು ಮೊದಲ ವರ್ಷದಲ್ಲಿ, ಮತ್ತೆ ಹರೆಯದಲ್ಲಿ. ಈ ನೋವು ಕಾಣಿಸುವುದು ಹೆಚ್ಚಾಗಿ ಇವೆರಡರ ನಡುವೆ. ನಿಜವಾದ ಕಾರಣ ಇಂದಿಗೂ ಖಚಿತವಾಗಿಲ್ಲ. ಹಾಗೆಂದು ನೋವೇ ಇಲ್ಲವೆಂದು ವೈದ್ಯಶಾಸ್ತ್ರ ಹೇಳುವುದಿಲ್ಲ.

ನಮ್ಮ ನ್ಯಾಯದರ್ಶನಕಾರರು ಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ 4 ಪ್ರಮಾಣಗಳನ್ನು ಹೇಳಿದರು. ಮಗುವಿನ ನೋವು ಪ್ರತ್ಯಕ್ಷವಾಗಿರುವುದು ಮಗುವಿಗೆ ಮಾತ್ರ. ನಮಗೆ ಉಳಿಯುವುದು ಅದರ ಅಳುವಿನಿಂದ ಮಾಡುವ ಅನುಮಾನ ಮತ್ತು ಅದರ ಬಾಯಿಯ ಶಬ್ದ. ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ದಾರಿ. ನಮ್ಮ ದಿನಬಳಕೆಯಲ್ಲಿ ಅದು ಸಂಶಯವಾಗಿಬಿಟ್ಟಿದೆ! ಲಗತ್ತಿಲ್ಲದ ಅರ್ಜಿಯನ್ನು, ಸರ್ಟಿಫಿಕೇಟಿಲ್ಲದ ವೈದ್ಯಕೀಯ ಬಿಲ್ಲನ್ನು ಹಿಂದಿರುಗಿಸುವುದು ನಮ್ಮಂಥ ಕಚೇರಿಯವರ ಕರ್ತವ್ಯ. ಸಾರ್ವಜನಿಕ ಹಣಕ್ಕೆ ಆ ಎಚ್ಚರ ಬೇಕು. ಆದರೆ ಅಳುವ ಮಗುವಿನ ಹತ್ತಿರ ಯಾವ ಲಗತ್ತಿರುತ್ತದೆ?

ಊರಿನ ತುಂಬಿದ ಮನೆಗಳಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಅಜ್ಜಿಯೋ ಅತ್ತೆಯೋ ಎದ್ದು ಹರಳೆಣ್ಣೆ ಬೆಚ್ಚಗೆ ಮಾಡಿ ನೀವುತ್ತಿದ್ದರು. ಮುಂಬಯಿ, ದಿಲ್ಲಿಗಳ ಎರಡು ಕೋಣೆಯ ಮನೆಗಳಲ್ಲಿ ಏಳಬೇಕಾದವರು ನಾವೇ. ಬೆಳಗ್ಗೆ ನೀರು ಹಿಡಿದು, ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೊರಡಬೇಕಾದವರೂ ನಾವೇ. "ಏನೂ ಆಗಿಲ್ಲ, ಸುಮ್ಮನೆ ಮಲಗು" ಎಂಬ ಮಾತು ಹೊರಡುವುದು ದಣಿವಿನಿಂದಲೇ ಹೊರತು ನಿಷ್ಕರುಣೆಯಿಂದಲ್ಲ. ಆದರೂ ಆ ಮಾತು ನಿಜವಲ್ಲ. ಮತ್ತೆ ಮತ್ತೆ ಕೇಳಿದ ಮಗು, ತನಗಾದದ್ದನ್ನು ಹೇಳಿಕೊಂಡು ಪ್ರಯೋಜನವಿಲ್ಲವೆಂದು ಕಲಿತೀತು.

ಅದರಲ್ಲಿ ಅಪಾಯವೂ ಉಂಟು. ಯಾವಾಗಲೂ ಒಂದೇ ಕಾಲು ನೋಯುವುದು, ಕೀಲು ಊದುವುದು, ಜ್ವರ, ಕುಂಟುವುದು, ಬೆಳಗಾದರೂ ಹೋಗದ ನೋವು, ಇವು ಬೇರೆ ಕಾಯಿಲೆಯ ಸೂಚನೆಯಾಗಿರಬಹುದು. ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಯಾವ ಕಾಲು, ಎಲ್ಲಿ, ಎಷ್ಟು ದಿನದಿಂದ ಎಂಬುದನ್ನು ಹೇಳಬೇಕಾದುದು ಮಗುವೇ. ಅದರ ಮಾತನ್ನು ತಳ್ಳಿಹಾಕುತ್ತ ಬಂದವರಿಗೆ ಈ ವ್ಯತ್ಯಾಸ ತಿಳಿಯುವುದಾದರೂ ಹೇಗೆ?

ಹೀಗೆ ಕೇಳಿದಾಗಲೆಲ್ಲ ಎದ್ದರೆ ಮಗು ಮುದ್ದಿನಿಂದ ಕೆಡುವುದಿಲ್ಲವೆ ಎಂದು ಕೆಲವರು ಕೇಳುತ್ತಾರೆ. ಕೇಳಿದ ಆಟಿಕೆಯನ್ನೆಲ್ಲ ಕೊಡಿಸುವುದು ಬೇರೆ, ನೋವೆಂದಾಗ ಕೈಯಿಡುವುದು ಬೇರೆ. ಒಮ್ಮೊಮ್ಮೆ ನೋವಿಗಿಂತ ಒಂಟಿತನವೇ ಹೆಚ್ಚಾಗಿ ಮಗು ಕೂಗಿರಬಹುದು. ಅದೂ ಸುಳ್ಳಲ್ಲ.

ಸಮಾಧಾನ ಹೇಳುವಾಗಲೂ ಸತ್ಯ ಬಿಡಬೇಕಾಗಿಲ್ಲ. "ನೀನು ಎತ್ತರವಾಗ್ತಾ ಇದ್ದೀ, ಅದಕ್ಕೇ ನೋವು" ಎಂಬುದು ಇಂಪಾದ ಮಾತು, ಆದರೆ ಆಧಾರವಿಲ್ಲದ್ದು. "ನೋಯ್ತಿದೆ ಅಲ್ವಾ, ಕಾಲು ಒತ್ತುತ್ತೇನೆ, ಬೆಳಗ್ಗೆ ಹೊತ್ತಿಗೆ ಹೋಗುತ್ತೆ" ಎಂದರೆ ಸಾಕು. ಮೆಲ್ಲಗೆ ನೀವುವುದು, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯ ಹದವಾದ ಶಾಖ, ಇಷ್ಟರಿಂದಲೇ ಬಹುಪಾಲು ಮಕ್ಕಳಿಗೆ ನಿದ್ದೆ ಬರುತ್ತದೆ.

ಕಾರಣವನ್ನು ಶಾಸ್ತ್ರಜ್ಞರು ಹುಡುಕಲಿ. ಅದು ಸಿಗುವವರೆಗೂ ಮಗುವಿನ ಮಾತನ್ನೇ ಪ್ರಮಾಣವೆಂದು ಒಪ್ಪಿ ಹತ್ತು ನಿಮಿಷ ಎಚ್ಚರವಾಗಿರುವುದು ಹೆತ್ತವರಾದ ನಮ್ಮ ಧರ್ಮವೆಂದು ನಮ್ಮ ಭಾವನೆ.