ಬಾಣಂತಿಯ ಮನಸ್ಸು

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲವೆಂದು ನಮ್ಮ ಜನರು ಹಿಂದಿನಿಂದಲೂ ಹೇಳುತ್ತ ಬಂದಿರುವರು. ಮಾತು ನಿಜವೇ. ಆದರೆ ಆ ತಾಯಿಗೆ ಬಂಧು ಯಾರೆಂಬುದನ್ನು ಗಾದೆಯು ಹೇಳದು.

ನಮ್ಮ ಮನೆಗಳ ಬಾಣಂತನವು ಅಲ್ಪವಾದ ಏರ್ಪಾಡೇನೂ ಅಲ್ಲ. ತವರಿನ ಬೆಚ್ಚನೆಯ ಕೋಣೆ, ಎಣ್ಣೆನೀರು, ಸಾಂಬ್ರಾಣಿಯ ಹೊಗೆ, ಅಂಟಿನುಂಡೆ, ತಿಂಗಳುಗಟ್ಟಲೆ ದುಡಿಮೆಯಿಂದ ಬಿಡುವು, ಇವುಗಳಲ್ಲಿ ವಿವೇಕವಿದೆ. ಆದರೆ ಇವೆಲ್ಲವೂ ದೇಹಕ್ಕೆ ಸಲ್ಲುವ ಉಪಚಾರಗಳು. ತಲೆಗೆ ಬಟ್ಟೆ ಕಟ್ಟಿದೆಯೆ, ಕಿವಿಗೆ ಹತ್ತಿ ಇಟ್ಟಿದೆಯೆ ಎಂದು ಹತ್ತು ಜನರು ಕೇಳುವರು. ಆ ತಲೆಯೊಳಗೆ ಏನು ನಡೆದಿದೆಯೆಂದು ಕೇಳುವವರು ವಿರಳ.

ಹೆರಿಗೆಯ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಹೆಚ್ಚಾಗಿ ಅದು ಎರಡು ವಾರಗಳೊಳಗೆ ತಾನಾಗಿ ಕಳೆಯುವುದು. ಬಾಣಂತಿಯ ಚಿತ್ತವೇ ವಿಕಾರಗೊಳ್ಳುವುದು ಸಾವಿರ ಹೆರಿಗೆಗಳಲ್ಲಿ ಒಂದೆರಡು ಮಾತ್ರ. ಆಗ ವೈದ್ಯರಲ್ಲಿಗೆ ಹೋಗಲು ಒಂದು ದಿನವೂ ತಡಮಾಡಲಾಗದು. ಇವೆರಡರ ನಡುವೆ ಸದ್ದಿಲ್ಲದ ಇನ್ನೊಂದಿದೆ, ವಾರಗಟ್ಟಲೆ ಬಿಡದ ಖಿನ್ನತೆ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಪರಾಮರ್ಶೆಯೊಂದು ಇದನ್ನು ನೂರಕ್ಕೆ 22 ಮಂದಿ ತಾಯಂದಿರಲ್ಲಿ ಕಂಡಿತು.

ಮಗುವನ್ನು ಕಂಡು ಸಂತೋಷ ಹುಟ್ಟದಿದ್ದರೆ ಅದು ತಾಯಿಯ ದೋಷವೆ? ಕರ್ತವ್ಯವನ್ನು ವಿಧಿಸಬಹುದು, ಸಂತೋಷವನ್ನು ವಿಧಿಸಲಾದೀತೆ? ಅವಳು ಹಾಲೂಡುವಳು, ನಡುರಾತ್ರಿಯಲ್ಲೆದ್ದು ತೊಟ್ಟಿಲು ತೂಗುವಳು, ಒಳಗೆ ಮಾತ್ರ ಬರಿದಾಗಿರುವಳು. ಅಂಥವಳಿಗೆ ನಮ್ಮ ಮಾತೃಸ್ತುತಿಯೇ ಒಂದು ಶಿಕ್ಷೆ. ದೇವತೆಯೆಂದು ಕರೆಯಿಸಿಕೊಂಡವಳು ‘ನನ್ನಿಂದಾಗದು’ ಎಂದು ಯಾರೊಡನೆ ಹೇಳಿಯಾಳು? ಹತ್ತು ಹೆತ್ತ ನಮ್ಮ ಅಜ್ಜಿಯರಿಗೆ ಇದೆಲ್ಲ ಇತ್ತೆ ಎಂದು ಆಕ್ಷೇಪಿಸುವವರುಂಟು. ಅಜ್ಜಿಯರನ್ನು ಯಾರು ಕೇಳಿದ್ದರು? (ಫ್ರಾನ್ಸಿನ ವೈದ್ಯ ಮಾರ್ಸೆಯು ಬಾಣಂತಿಯರ ಮನೋವಿಕಾರಗಳನ್ನು ಕುರಿತು 1858ರಲ್ಲಿಯೇ ಗ್ರಂಥವೊಂದನ್ನು ರಚಿಸಿದ್ದನು.)

ಹಾಗಾದರೆ ಇದನ್ನು ರೋಗವೆಂದುಬಿಟ್ಟರೆ ಸಾಕೆ? ಆ ಹೆಸರು ತಾಯಿಯನ್ನು ನಿಂದೆಯಿಂದ ಬಿಡಿಸುವುದು, ಒಳ್ಳೆಯದೇ; ಅದೇ ಹೆಸರು ಮನೆಯವರನ್ನೂ ಹೊಣೆಯಿಂದ ಬಿಡಿಸಿಬಿಡುವ ಅಪಾಯವಿದೆ. ವಿಕ್ರಂ ಪಟೇಲರೂ ಸಂಗಡಿಗರೂ ಗೋವೆಯ ತಾಯಂದಿರನ್ನು ಕುರಿತು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಡತನವೂ ದಾಂಪತ್ಯದ ವಿರಸವೂ ಖಿನ್ನತೆಯ ಸಂಭವವನ್ನು ಹೆಚ್ಚಿಸಿದ್ದವು. ಹುಟ್ಟಿದ್ದು ಹೆಣ್ಣೋ ಗಂಡೋ ಎಂಬುದಕ್ಕೂ ಅದರಲ್ಲಿ ಪಾಲಿತ್ತು. ಹೆಣ್ಣು ಹುಟ್ಟಿತೆಂದು ಅತ್ತೆಯು ಮುಖ ತಿರುಗಿಸಿದರೆ ಸೊಸೆಗೆ ಮಾತ್ರೆ ನುಂಗಿಸುವುದು ಎಲ್ಲಿಯ ನ್ಯಾಯ? ಆದರೆ ಮಾತ್ರೆಯೇ ಬೇಡವೆನ್ನುವುದು ಇನ್ನೂ ಕ್ರೂರವೆಂದು ನನ್ನ ಅಭಿಪ್ರಾಯ. ಮನೆಯವರು ತಿದ್ದಿಕೊಳ್ಳುವವರೆಗೂ ಅವಳು ನರಳುತ್ತ ಕುಳಿತಿರಬೇಕೆ? ಮುರಿದ ಕೈಗೆ ಮೊದಲು ಕಟ್ಟು ಹಾಕಬೇಕು. ಮುರಿದವನ ವಿಚಾರಣೆಯೂ ನಡೆಯಬೇಕು.

ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ 2009ರಿಂದ ತಾಯಿಯನ್ನೂ ಶಿಶುವನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗವಿದೆ. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸತಕ್ಕದ್ದಲ್ಲವೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೂ ವಿಧಿಸಿದೆ. ಆಸ್ಪತ್ರೆಯಿಲ್ಲದ ಹಳ್ಳಿಗಳ ಗತಿಯೇನೆಂದರೆ, ಪಾಕಿಸ್ತಾನದ ಗ್ರಾಮಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ನೋಡಬಹುದು. ಖಿನ್ನರಾದ ಗರ್ಭಿಣಿಯರ ಮನೆಗಳಿಗೆ ಗ್ರಾಮದ ಆರೋಗ್ಯ ಕಾರ್ಯಕರ್ತೆಯರು ಹೋಗಿಬರುತ್ತಿದ್ದರು. ಹೆರಿಗೆಯಾಗಿ ಆರು ತಿಂಗಳಿಗೆ, ಸಂಭಾಷಣೆಯ ಕ್ರಮವನ್ನು ಕಲಿತವರು ಭೇಟಿಕೊಟ್ಟ ಮನೆಗಳಲ್ಲಿ ನೂರಕ್ಕೆ 23 ಮಂದಿ ತಾಯಂದಿರಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಕಲಿಯದವರು ಅಷ್ಟೇ ಸಲ ಹೋಗಿಬಂದ ಮನೆಗಳಲ್ಲಿ 53 ಮಂದಿಯಲ್ಲಿ. ಕಲಿತವರಾರೂ ವೈದ್ಯರಲ್ಲ, ಆಯಾ ಊರಿನ ಹೆಂಗಸರು.