ಸಂದಣಿಯಲ್ಲಿ ಸಿಗ್ನಲ್ಲಿನ ಪಾಲು

ಯಾರ ಬೇಡಿಕೆಯಲ್ಲಿಯೂ ತಪ್ಪಿಲ್ಲದಿದ್ದರೂ, ಎಲ್ಲರ ಬೇಡಿಕೆಗಳು ಒಂದೇ ಗಳಿಗೆಯಲ್ಲಿ ಬಂದ ಮಾತ್ರಕ್ಕೆ ಯಾರಿಗೂ ಏನೂ ದಕ್ಕದೆ ಹೋಗುವ ಸಂದರ್ಭಗಳು ನೀತಿವಿಚಾರಕ್ಕೆ ಹಿಂದಿನಿಂದಲೂ ತೊಡಕಿನವು. ಏಕೆಂದರೆ ಅಲ್ಲಿ ಕೇಡು ಕಣ್ಣಿಗೆ ಕಾಣುತ್ತದೆ, ಕೇಡು ಮಾಡಿದವನು ಮಾತ್ರ ಕಾಣುವುದಿಲ್ಲ. ಜನ ಕಿಕ್ಕಿರಿದ ಥೀಮ್ ಪಾರ್ಕುಗಳಲ್ಲಿ ಮೊಬೈಲ್ ಫೋನುಗಳು ಕೆಲಸಕ್ಕೆ ಬಾರದೆ ನಿಲ್ಲುವುದು ಇಂಥದೊಂದು ಸಂದರ್ಭ. ಮೇಲುನೋಟಕ್ಕೆ ಇದು ಎಂಜಿನಿಯರುಗಳು ಬಗೆಹರಿಸಬೇಕಾದ ಸಣ್ಣ ಅನನುಕೂಲವೆಂದು ತೋರಿದರೂ, ಅದರ ಒಳಹೊಕ್ಕು ನೋಡಿದಾಗ ಎಲ್ಲರಿಗೂ ಸೇರಿದ್ದರಲ್ಲಿ ಒಬ್ಬನ ಪಾಲೆಷ್ಟು, ಅಗತ್ಯವೆಂದರೆ ಯಾವುದು, ಆ ಅಗತ್ಯವನ್ನು ಅಳೆಯಬೇಕಾದವರು ಯಾರು ಎಂಬ ಧರ್ಮವಿಚಾರದ ಪ್ರಶ್ನೆಗಳೇ ಎದುರಾಗುತ್ತವೆ.

ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್, ಜಗತ್ತಿನಲ್ಲಿಯೇ ಅತಿ ಹೆಚ್ಚು ಜನ ಭೇಟಿ ಕೊಡುವ ಥೀಮ್ ಪಾರ್ಕುಗಳಲ್ಲಿ ಒಂದು. ಅಲ್ಲಿ ರಾತ್ರಿ ಬಾಣಬಿರುಸುಗಳ ಪ್ರದರ್ಶನದ ಹೊತ್ತಿಗೆ, ಹಗಲೆಲ್ಲ ಪಾರ್ಕಿನ ಉದ್ದಗಲಕ್ಕೆ ಚದುರಿಕೊಂಡಿದ್ದ ಜನರಲ್ಲಿ ಬಹುಪಾಲು ಸಿಂಡ್ರೆಲಾ ಕೋಟೆಗೆ ಹೋಗುವ ಮುಖ್ಯ ಬೀದಿಯಲ್ಲಿ ಭುಜಕ್ಕೆ ಭುಜ ತಾಗುವಂತೆ ನಿಲ್ಲುತ್ತದೆ. ಮೊದಲ ಬಿರುಸು ಮೇಲೇರುತ್ತಿದ್ದಂತೆ ಸಾವಿರಾರು ಕೈಗಳು ಫೋನನ್ನು ಎತ್ತಿ ಹಿಡಿಯುತ್ತವೆ. ತೆಗೆದ ವಿಡಿಯೊ ಅಲ್ಲಿಂದಲೇ ಮನೆಯವರಿಗೆ ಹೊರಡಬೇಕು. ಪರದೆಯ ಮೇಲ್ತುದಿಯಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ತುಂಬಿರುತ್ತವೆ, ಆದರೂ ಕಳಿಸಿದ ಸಂದೇಶದ ಪಕ್ಕದಲ್ಲಿ ಚಿಕ್ಕ ಗಡಿಯಾರದ ಗುರುತು ಕದಲದೆ ನಿಂತಿರುತ್ತದೆ. ಅದು ಒಂದು ಗೆರೆಯ ಟಿಕ್ ಆಗಿ ಬದಲಾಗಲು ಕೆಲವೊಮ್ಮೆ ಜನ ಚದುರುವವರೆಗೂ ಕಾಯಬೇಕಾಗುತ್ತದೆ.

ಕಡ್ಡಿಗಳು ತುಂಬಿದ್ದೂ ಮಾತು ದಾಟದಿರುವುದಕ್ಕೆ ಕಾರಣವಿದೆ. ಟವರಿನ ಅಲೆ ಫೋನಿಗೆ ಎಷ್ಟು ಬಲವಾಗಿ ತಲುಪುತ್ತಿದೆ ಎಂಬುದನ್ನಷ್ಟೇ ಆ ಕಡ್ಡಿಗಳು ಹೇಳುತ್ತವೆ. ಆ ಟವರಿನಲ್ಲಿ ಇನ್ನೊಬ್ಬರಿಗೆ ಎಡೆಯಿದೆಯೇ ಎಂಬುದನ್ನು ಅವು ಹೇಳಲಾರವು. ಒಂದು ಟವರು ಒಂದು ದಿಕ್ಕಿಗೆ ಆವರಿಸುವ ಪ್ರದೇಶಕ್ಕೆ ಸೆಲ್ ಎಂದು ಹೆಸರು. ಆ ಸೆಲ್ಲಿನೊಳಗಿರುವವರೆಲ್ಲರೂ ಕಂಪನಿಗೆ ಸರ್ಕಾರ ಹಂಚಿಕೊಟ್ಟಿರುವ ತರಂಗಾಂತರದ ಒಂದೇ ಪಟ್ಟಿಯನ್ನು ಹಂಚಿಕೊಳ್ಳಬೇಕು. ಟವರಿನ ಪ್ರಸಾರ ಹತ್ತಾರು ವಾಟ್‌ಗಳಷ್ಟಿದ್ದರೆ 4ಜಿ ಫೋನಿನದು ಸಾಮಾನ್ಯವಾಗಿ 0.2 ವಾಟ್ ಮೀರುವುದಿಲ್ಲವಾದ್ದರಿಂದ, ಮತ್ತು ಬಹುಪಾಲು ನೀರಿನಿಂದಲೇ ಆದ ಮನುಷ್ಯದೇಹಗಳ ಗುಂಪು ಆ ಬಡ ಅಲೆಯನ್ನು ಇನ್ನಷ್ಟು ಹೀರಿಕೊಳ್ಳುವುದರಿಂದ, ಟವರಿನ ಮಾತು ಫೋನಿಗೆ ಕೇಳಿಸಿದರೂ ಫೋನಿನ ಮಾತು ಟವರಿಗೆ ಕೇಳಿಸದಂತಾಗುತ್ತದೆ.

ಅದಕ್ಕೂ ಮೊದಲಿನ ಹಂತವೊಂದುಂಟು. ಸುಮ್ಮನಿದ್ದ ಫೋನು ಏನನ್ನಾದರೂ ಕಳಿಸಬೇಕಾದರೆ ಮೊದಲು ಟವರಿನ ಗಮನ ಸೆಳೆಯಬೇಕು. ಇದಕ್ಕಾಗಿ ಪ್ರತಿ 4ಜಿ ಸೆಲ್ಲಿಗೆ 64 ಪುಟ್ಟ ಸಂಕೇತಗಳು ಗೊತ್ತಾಗಿದ್ದು, ಅವುಗಳಲ್ಲಿ ಮುಕ್ತ ಬಳಕೆಗೆ ಬಿಟ್ಟಿರುವವುಗಳಿಂದ ಯಾವುದಾದರೊಂದನ್ನು ಫೋನು ತನಗೆ ತೋಚಿದಂತೆ ಆರಿಸಿ ಕೂಗುತ್ತದೆ. ಒಂದೇ ಗಳಿಗೆಯಲ್ಲಿ ಇಬ್ಬರ ಫೋನುಗಳು ಒಂದೇ ಸಂಕೇತವನ್ನು ಆರಿಸಿದರೆ ಒಂದಾದರೂ, ಹಲವು ಬಾರಿ ಎರಡೂ, ಸೋಲುತ್ತವೆ. ಸೋತ ಫೋನು ತಕ್ಷಣ ಮತ್ತೆ ಕೂಗುವುದಿಲ್ಲ. ತೋಚಿದಂತೆ ಆರಿಸಿಕೊಂಡ ಒಂದಿಷ್ಟು ಹೊತ್ತು ತಾನಾಗಿ ಸುಮ್ಮನಿದ್ದು ಆಮೇಲೆ ಮತ್ತೆ ಪ್ರಯತ್ನಿಸುತ್ತದೆ. ಈ ಹಿಂದೆ ಸರಿಯುವ ಕ್ರಮದ ಮೂಲವನ್ನು 1971ರಲ್ಲಿ ನಾರ್ಮನ್ ಅಬ್ರಾಮ್‌ಸನ್ ಅವರ ನೇತೃತ್ವದಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ತೊಡಗಿದ ಅಲೋಹಾ ಜಾಲದಲ್ಲಿ ಕಾಣಬಹುದು. ಆ ಜಾಲದ ಗಣಿತ ಒಂದು ಕಟುಸತ್ಯವನ್ನು ತೋರಿಸಿಕೊಟ್ಟಿತು: ಕಾಲವನ್ನು ಸಮನಾದ ತುಣುಕುಗಳಾಗಿ ವಿಂಗಡಿಸಿಕೊಂಡಾಗಲೂ, ಗೊತ್ತುಗುರಿಯಿಲ್ಲದೆ ಕೂಗುವವರ ನಡುವೆ ನೂರು ತುಣುಕುಗಳಲ್ಲಿ ಹೆಚ್ಚೆಂದರೆ ಸುಮಾರು 37 ಮಾತ್ರ ಸಫಲವಾಗುತ್ತವೆ, ಆ ಮೇರೆಯನ್ನು ದಾಟಿ ಕೂಗುವವರು ಹೆಚ್ಚಿದಂತೆ ಸಫಲವಾದವುಗಳ ಒಟ್ಟು ಸಂಖ್ಯೆಯೇ ಇಳಿಯತೊಡಗುತ್ತದೆ. ಎಂದರೆ, ತುಂಬಿದ ಸಂದಣಿಯಲ್ಲಿ ಇನ್ನೊಬ್ಬನ ಪ್ರಯತ್ನ ಇದ್ದುದನ್ನು ಹಂಚಿಕೊಳ್ಳುವುದಷ್ಟೇ ಅಲ್ಲ, ಇದ್ದುದನ್ನೇ ಕಡಿಮೆ ಮಾಡುತ್ತದೆ.

ಗಮನ ಸೆಳೆದ ಮೇಲೆ ಹಂಚಿಕೆಯ ಸರದಿ ಬರುತ್ತದೆ. ಟವರಿನೊಳಗಿನ ಗಣಕ ಪ್ರತಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕೊಮ್ಮೆ, ಈಗ ಯಾರಿಗೆ ಎಷ್ಟು ಎಂದು ತೀರ್ಮಾನಿಸುತ್ತದೆ. ಆ ತೀರ್ಮಾನದಲ್ಲಿ ನ್ಯಾಯದ ಸಿದ್ಧಾಂತವೊಂದು ಅಡಗಿಯೇ ಇರುತ್ತದೆ. ಒಟ್ಟು ಸಾಗುವ ಮಾಹಿತಿಯೇ ಮುಖ್ಯವೆಂದರೆ, ಟವರಿಗೆ ಹತ್ತಿರವಿದ್ದು ಸ್ಪಷ್ಟವಾಗಿ ಕೇಳಿಸಿಕೊಳ್ಳುವವರಿಗೇ ಎಲ್ಲವನ್ನೂ ಕೊಡಬೇಕಾಗುತ್ತದೆ. ಇದು ಅತಿ ಹೆಚ್ಚು ಒಳಿತನ್ನೇ ಅಳತೆಗೋಲಾಗಿಸಿಕೊಂಡ ಬೆಂಥಮ್‌ನ ಉಪಯುಕ್ತತಾವಾದದ ದಾರಿ. ಅತ್ಯಂತ ಹಿಂದುಳಿದವನ ಸ್ಥಿತಿ ಸುಧಾರಿಸುವುದೇ ಮುಖ್ಯವೆಂದರೆ, ಗೋಡೆಯ ಮರೆಯಲ್ಲಿ ನಿಂತವನೊಬ್ಬನಿಗಾಗಿ ಉಳಿದವರೆಲ್ಲರೂ ಬಹಳಷ್ಟು ಬಿಟ್ಟುಕೊಡಬೇಕಾಗುತ್ತದೆ. ಜಾನ್ ರಾಲ್ಸ್ 1971ರಲ್ಲಿ ಪ್ರಕಟಿಸಿದ ನ್ಯಾಯಸಿದ್ಧಾಂತದ ಛಾಯೆ ಇಲ್ಲಿದೆ. ವಾಸ್ತವದಲ್ಲಿ ಹೆಚ್ಚು ಬಳಕೆಗೆ ಬಂದಿರುವುದು ಇವೆರಡರ ನಡುವಿನ ದಾರಿ. ಗಣಿತಜ್ಞ ಫ್ರಾಂಕ್ ಕೆಲ್ಲಿ 1997ರಲ್ಲಿ ನಿರೂಪಿಸಿದ ಅನುಪಾತ ನ್ಯಾಯವೆಂಬ ಈ ತತ್ತ್ವದಲ್ಲಿ, ಒಬ್ಬನಿಗೆ ಈ ಗಳಿಗೆಯಲ್ಲಿ ಎಷ್ಟು ಕೊಡಬಹುದು ಎಂಬುದನ್ನು ಅವನಿಗೆ ಈವರೆಗೆ ಎಷ್ಟು ಸಂದಿದೆ ಎಂಬುದರೊಡನೆ ತೂಗಿ ನೋಡಲಾಗುತ್ತದೆ. ಕಡಿಮೆ ಸಂದವನ ಸರದಿ ಬೇಗ ಬರುತ್ತದೆ, ಚೆನ್ನಾಗಿ ಕೇಳಿಸಿಕೊಳ್ಳುವವನಿಗೂ ದಂಡವಿಲ್ಲ. ಮನುಷ್ಯರು ತಮ್ಮ ನಡುವೆ ಇಷ್ಟು ಒಳ್ಳೆಯ ಹಂಚಿಕೆಯನ್ನು ಎಂದಾದರೂ ಸಾಧಿಸಿದ್ದಾರೆಯೇ ಎಂದು ಕೇಳುವಂತಿದೆ ಆ ಯಂತ್ರದ ಕೆಲಸ.

ಆದರೂ ಅದಕ್ಕೆ ಒಂದು ಸಂಗತಿ ಎಂದಿಗೂ ತಿಳಿಯದು. ಎಷ್ಟು ಕೇಳಿದ್ದಾರೆ ಎಂಬುದು ಟವರಿಗೆ ಗೊತ್ತು, ಏಕೆ ಕೇಳಿದ್ದಾರೆ ಎಂಬುದು ಗೊತ್ತಿಲ್ಲ. ಬಾಣಬಿರುಸಿನ ಹೊತ್ತಿನಲ್ಲಿ ಕೈತಪ್ಪಿಹೋದ ಮಗುವನ್ನು ಹುಡುಕುತ್ತಿರುವ ತಾಯಿ ಗಂಡನಿಗೆ ಬರೆದ ಎರಡು ಪದಗಳೂ, ಮಧ್ಯಾಹ್ನ ತೆಗೆದ ಇನ್ನೂರು ಚಿತ್ರಗಳನ್ನು ಯಾರೂ ಹೇಳದಿದ್ದರೂ ತಾನಾಗಿ ಕ್ಲೌಡಿಗೆ ಏರಿಸುತ್ತಿರುವ ಇನ್ನೊಬ್ಬನ ಫೋನಿನ ಮಾಹಿತಿಯೂ ಆ ಗಣಕದ ಮುಂದೆ ಒಂದೇ ಜಾತಿಯ ತುಣುಕುಗಳಾಗಿ ನಿಲ್ಲುತ್ತವೆ. ಅಗತ್ಯಕ್ಕೆ ಮನ್ನಣೆ ಕೊಡುವ ಏರ್ಪಾಡು ಜಾಲದಲ್ಲಿ ಇಲ್ಲವೆಂದಲ್ಲ. ಪ್ರತಿ ಸಿಮ್ ಕಾರ್ಡಿನಲ್ಲಿ ಪ್ರವೇಶವರ್ಗವೆಂಬ ಸಂಖ್ಯೆಯೊಂದು ಬರೆದಿರುತ್ತದೆ: ಸಾಮಾನ್ಯ ಬಳಕೆದಾರರಿಗೆ 0ಯಿಂದ 9ರವರೆಗಿನ ಒಂದು ಅಂಕೆ ಚೀಟಿ ಎತ್ತಿದಂತೆ ದೊರೆತಿರುತ್ತದೆ, 11ರಿಂದ 15ರವರೆಗಿನವು ಭದ್ರತಾ ಸಿಬ್ಬಂದಿ, ತುರ್ತು ಸೇವೆ, ಜಾಲದ ನೌಕರರು ಮೊದಲಾದವರಿಗೆ ಮೀಸಲು. ಒತ್ತಡ ಮಿತಿಮೀರಿದಾಗ ಸಾಮಾನ್ಯ ವರ್ಗಗಳಲ್ಲಿ ಕೆಲವನ್ನು ಸ್ವಲ್ಪ ಹೊತ್ತು ತಡೆಹಿಡಿಯಲು ಜಾಲಕ್ಕೆ ಅವಕಾಶವಿದೆ. ತುರ್ತು ಸಂಖ್ಯೆಗೆ ಮಾಡಿದ ಕರೆಗೆ ಬೇರೆಯದೇ ದಾರಿಯಿದೆ. ಆದರೆ ಈ ವಿಂಗಡಣೆ ಗುರುತಿಸುವುದು ಹುದ್ದೆಯನ್ನು, ಇಲ್ಲವೇ ಒತ್ತಿದ ಸಂಖ್ಯೆಯನ್ನು. ತಾಯಿ ಗಂಡನಿಗೆ ಬರೆದ ಎರಡು ಪದಗಳು ಅದರ ಯಾವ ಅಂಕಣದಲ್ಲಿಯೂ ಸೇರುವುದಿಲ್ಲ.

ಅಗತ್ಯವನ್ನು ಬಲ್ಲವನು ಬೇಡುವವನೊಬ್ಬನೇ ಆಗಿರುವಾಗ, ಮಿತಿಯನ್ನು ಹಾಕಿಕೊಳ್ಳಬೇಕಾದವನೂ ಅವನೇ ಎಂಬ ಮಾತು ಅನಿವಾರ್ಯವಾಗುತ್ತದೆ. ಈ ಮಾತನ್ನು ಜೈನ ಗೃಹಸ್ಥಧರ್ಮದಷ್ಟು ಸೂಕ್ಷ್ಮವಾಗಿ ಬಿಡಿಸಿದ ದರ್ಶನಗಳು ವಿರಳ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಶ್ರಾವಕನಿಗೆ, ಎಂದರೆ ಸಂಸಾರದಲ್ಲಿದ್ದುಕೊಂಡೇ ವ್ರತ ಹಿಡಿದವನಿಗೆ, ಹೇಳಿರುವ ಗುಣವ್ರತಗಳಲ್ಲಿ ಎರಡು ಇಲ್ಲಿಗೆ ನೇರವಾಗಿ ಸಲ್ಲುತ್ತವೆ. ಒಂದು ಭೋಗೋಪಭೋಗ ಪರಿಮಾಣ: ಅನ್ನದಂತೆ ಒಮ್ಮೆ ಬಳಸಿ ಮುಗಿಯುವುದು ಭೋಗ, ಬಟ್ಟೆಯಂತೆ ಮತ್ತೆ ಮತ್ತೆ ಬಳಸುವುದು ಉಪಭೋಗ, ಇವೆರಡಕ್ಕೂ ಇಷ್ಟೇ ಸಾಕೆಂಬ ಅಳತೆಯನ್ನು ವ್ರತಿಯೇ ತನಗೆ ತಾನು ಗೊತ್ತುಮಾಡಿಕೊಳ್ಳುತ್ತಾನೆ, ಹೊರಗಿನ ಯಾವ ಅಧಿಕಾರವೂ ಅದನ್ನು ನಿಗದಿಪಡಿಸುವುದಿಲ್ಲ. ಇನ್ನೊಂದು ಅನರ್ಥದಂಡ ವಿರತಿ. ಯಾವ ಪ್ರಯೋಜನವೂ ಇಲ್ಲದೆ ಇತರ ಜೀವಿಗಳಿಗೆ ತೊಂದರೆ ತರುವ ನಡೆಗೆ ಅನರ್ಥದಂಡವೆಂದು ಹೆಸರು. ಅದರ ಬಗೆಗಳಲ್ಲಿ ಪ್ರಮಾದಚರ್ಯೆಯೂ ಒಂದು, ಎಂದರೆ ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು. ಗಮನಿಸಬೇಕಾದುದೇನೆಂದರೆ, ಇಲ್ಲಿ ದೋಷವಿರುವುದು ದ್ವೇಷದಲ್ಲಿ ಅಲ್ಲ, ಎಚ್ಚರ ತಪ್ಪಿದುದರಲ್ಲಿ. ಜೇಬಿನೊಳಗಿದ್ದುಕೊಂಡೇ ಚಿತ್ರಗಳನ್ನು ಏರಿಸುವ ಫೋನು, ಯಾರೂ ನೋಡದಿದ್ದರೂ ಹೊಸದಾಗುತ್ತಲೇ ಇರುವ ಹತ್ತಾರು ಆ್ಯಪ್‌ಗಳು, ಹೋಗಲಿಲ್ಲವೆಂದು ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುವ ಬೆರಳು, ಇವುಗಳ ಹಿಂದೆ ಯಾರ ಕೆಡುಕಿನ ಬುದ್ಧಿಯೂ ಇಲ್ಲ. ಅಷ್ಟರಿಂದಲೇ ಅವು ನಿರ್ದೋಷವಾಗುವುದಿಲ್ಲವೆಂಬುದನ್ನು ಕಾಣಿಸುವ ಪರಿಭಾಷೆಯನ್ನು ಈ ವ್ರತ ಒದಗಿಸುತ್ತದೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇದೇ ವಿಚಾರ ಇನ್ನೊಂದು ಬಗೆಯಲ್ಲಿ ಮೂಡಿತು. ಶರಣರ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಆ ಹೆಚ್ಚನ್ನು ಒಳಗೆ ಸೇರಿಸದೆ, ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂದು ಪರಂಪರೆ ತಿಳಿಸುತ್ತದೆ. ಈ ಪ್ರಸಂಗವನ್ನು ಸಾಮಾನ್ಯವಾಗಿ ನಿರಾಶೆಯ, ಎಂದರೆ ಆಸೆಯಿಲ್ಲದಿರುವಿಕೆಯ, ಉದಾಹರಣೆಯಾಗಿ ಓದುತ್ತಾರೆ. ಆದರೆ ಅದರಲ್ಲಿ ಅಳತೆಯ ಪ್ರಶ್ನೆಯೇ ಹೆಚ್ಚು ಗಟ್ಟಿಯಾಗಿದೆಯೆನ್ನಬೇಕು. ಅಂಗಳದಲ್ಲಿ ಬಿದ್ದ ಅಕ್ಕಿಗೆ ಒಡೆಯರಿರಲಿಲ್ಲ, ಆಯ್ದುಕೊಳ್ಳಲು ಅಡ್ಡಿಯೂ ಇರಲಿಲ್ಲ, ಕೊಡುವವರಿಗೆ ಕೊಡುವ ಮನಸ್ಸೂ ಇತ್ತು. ಹೆಚ್ಚಾಯಿತೆಂದು ತಿಳಿಯಬಲ್ಲವಳು ಒಲೆಯ ಮುಂದೆ ಕುಳಿತ ಲಕ್ಕಮ್ಮ ಒಬ್ಬಳೇ, ಏಕೆಂದರೆ ಆ ದಿನ ಆ ಮನೆಗೆ ಎಷ್ಟು ಬೇಕೆಂಬುದು ಅವಳಿಗಲ್ಲದೆ ಬೇರೆ ಯಾರಿಗೂ ತಿಳಿದಿರಲಿಲ್ಲ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಸುಲಭದ್ದಲ್ಲ. ಸಾವಿರಾರು ಜನರ ನಡುವೆ ಒಬ್ಬನು ತನ್ನ ಚಿತ್ರವನ್ನು ತಡೆಹಿಡಿದರೆ ಯಾರಿಗೆ ಏನು ಉಪಕಾರವಾಯಿತು? ಬ್ರಿಟಿಷ್ ತತ್ತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರ ತನ್ನ ಗ್ರಂಥದಲ್ಲಿ ಇದನ್ನೇ ಕಲ್ಪಿತ ಉದಾಹರಣೆಯೊಂದರಿಂದ ಪರೀಕ್ಷಿಸಿದ್ದಾನೆ: ಸಾವಿರ ಮಂದಿ ಹಿಂಸಕರು ತಲಾ ಒಂದು ಗುಂಡಿ ಒತ್ತುತ್ತಾರೆ, ಪ್ರತಿ ಒತ್ತಿನಿಂದ ಸಾವಿರ ಮಂದಿಯ ನೋವು ಅರಿವಿಗೆ ಬಾರದಷ್ಟು ಮಾತ್ರ ಹೆಚ್ಚುತ್ತದೆ, ಕೊನೆಗೆ ಎಲ್ಲರೂ ತಾಳಲಾರದ ನೋವಿಗೆ ಸಿಲುಕುತ್ತಾರೆ. ತನ್ನ ಒತ್ತಿನಿಂದ ಯಾರಿಗೂ ಏನೂ ಆಗಲಿಲ್ಲವೆಂದು ಒಬ್ಬೊಬ್ಬನೂ ಹೇಳಬಹುದಾದರೂ, ಒಟ್ಟಾಗಿ ಕೇಡು ಮಾಡುವ ಕ್ರಿಯೆಗಳ ಗುಂಪಿಗೆ ಸೇರಿದ ಕಾರಣಕ್ಕೇ ಆ ಒತ್ತು ತಪ್ಪಾಗಬಲ್ಲದೆಂದು ಪಾರ್ಫಿಟ್ ವಾದಿಸುತ್ತಾನೆ. ಥೀಮ್ ಪಾರ್ಕಿನ ಸಂದರ್ಭದಲ್ಲಿ ಆ ವಾದಕ್ಕೆ ಇನ್ನೂ ಹೆಚ್ಚಿನ ಬಲವಿದೆ, ಏಕೆಂದರೆ ಇಲ್ಲಿ ಒಬ್ಬನ ಪಾಲನ್ನು ಎಣಿಸಿಯೇ ತೋರಿಸಬಹುದು. ಒಂದು ಎಸ್‌ಎಮ್‌ಎಸ್ ಸಂದೇಶ 140 ಬೈಟ್‌ಗಳಷ್ಟು, ಕನ್ನಡ ಲಿಪಿಯಲ್ಲಿ 70 ಸಂಕೇತಗಳಷ್ಟು, ಮಾತ್ರ ಹಿಡಿಸುತ್ತದೆ. ಮೂರು ಮೆಗಾಬೈಟ್‌ನ ಒಂದೇ ಚಿತ್ರದ ಗಾತ್ರದಲ್ಲಿ ಇಂಥ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಂದೇಶಗಳು ಅಡಗುತ್ತವೆ.

ಎರಡನೆಯ ಆಕ್ಷೇಪ, ಸಂಯಮವನ್ನು ಬೋಧಿಸುವ ಬದಲು ಟವರುಗಳನ್ನು ಹೆಚ್ಚಿಸಬಾರದೇ ಎಂಬುದು. ಹೆಚ್ಚಿಸಬೇಕು, ಮತ್ತು ದೊಡ್ಡ ಪಾರ್ಕುಗಳಲ್ಲಿ ದೀಪದ ಕಂಬ, ಕಟ್ಟಡಗಳ ಮರೆಯಲ್ಲಿ ಚಿಕ್ಕ ಸೆಲ್ಲುಗಳನ್ನು ಹೂಡುವ ಕೆಲಸ ನಡೆದೂ ಇದೆ. ಅಕ್ಕಪಕ್ಕದ ಸೆಲ್ಲುಗಳು ಒಂದೇ ತರಂಗಾಂತರವನ್ನು ಬಳಸಿ ಒಂದರ ಮಾತಿಗೆ ಇನ್ನೊಂದು ಅಡ್ಡ ಬರುವುದರಿಂದ ಅದಕ್ಕೂ ಒಂದು ಮೇರೆಯಿದೆ ಅಷ್ಟೆ. ಇಲ್ಲಿ ಪಾರ್ಕುಗಳ ಹೊಣೆಯನ್ನು ಮರೆಯುವುದು ದೊಡ್ಡ ಅನ್ಯಾಯವಾಗುತ್ತದೆ. ಡಿಸ್ನಿ ಪಾರ್ಕುಗಳಲ್ಲಿ ಆಟದ ಸಾಲಿನಲ್ಲಿ ಕಾಯುವುದನ್ನು ತಪ್ಪಿಸಲು 1999ರಲ್ಲಿ ಶುರುವಾದ ಫಾಸ್ಟ್‌ಪಾಸ್ ಒಂದು ಕಾಗದದ ಚೀಟಿಯಾಗಿತ್ತು, ಅದಕ್ಕೆ ಬೇರೆ ಹಣವಿರಲಿಲ್ಲ. ಫ್ಲೋರಿಡಾದಲ್ಲಿ 2021ರ ಅಕ್ಟೋಬರ್‌ನಿಂದ ಆ ಸ್ಥಾನಕ್ಕೆ ಬಂದುದು ಹಣ ತೆತ್ತು ಫೋನಿನಲ್ಲಿಯೇ ಕಾಯ್ದಿರಿಸಬೇಕಾದ ವ್ಯವಸ್ಥೆ. ಊಟಕ್ಕೆ ಹೇಳುವುದಕ್ಕೂ ಆಟದ ಸರದಿ ಹಿಡಿಯುವುದಕ್ಕೂ ಫೋನನ್ನೇ ಅವಲಂಬಿಸುವಂತೆ ಮಾಡಿದ ಮೇಲೆ, ಅಲ್ಲಿನ ಸಿಗ್ನಲ್ಲು ಅತಿಥಿಯ ವಿಲಾಸವಾಗಿ ಉಳಿಯುವುದಿಲ್ಲ, ಟಿಕೆಟ್ಟಿನೊಡನೆ ಕೊಟ್ಟ ಮಾತಿನ ಭಾಗವಾಗುತ್ತದೆ. ಹಣ ಕೊಟ್ಟು ಸಾಲು ದಾಟುವ ಪದ್ಧತಿಯಿಂದ ಸರದಿಯೆಂಬ ಸಮಾನತೆಯೇ ಸವೆಯುತ್ತದೆಯೆಂಬ ಕಳವಳವನ್ನು ಮೈಕೆಲ್ ಸ್ಯಾಂಡೆಲ್ 2012ರ ತನ್ನ ಕೃತಿಯ ಮೊದಲ ಅಧ್ಯಾಯದಲ್ಲಿಯೇ, ಥೀಮ್ ಪಾರ್ಕುಗಳ ಉದಾಹರಣೆ ಸಹಿತ, ಎತ್ತಿದ್ದಾನೆ. ಅದೇ ಪದ್ಧತಿ ಅಲೆಗಳ ಹಂಚಿಕೆಗೂ ಬಂದರೆ, ಕೈತಪ್ಪಿದ ಮಗುವಿನ ತಾಯಿ ಬಡವಳಾಗಿರುವ ಕಾರಣಕ್ಕೇ ಹಿಂದೆ ಉಳಿಯುತ್ತಾಳೆ. ಹುದ್ದೆಯಂತೆ ಹಣವೂ ಅಗತ್ಯದ ಗುರುತಲ್ಲ. ತಮ್ಮ ಪಾಲಿನ ಹೂಡಿಕೆಯನ್ನು ಉಳಿಸಿಕೊಳ್ಳಲು ಪಾರ್ಕುಗಳಾಗಲಿ ಕಂಪನಿಗಳಾಗಲಿ ಅತಿಥಿಗಳಿಗೆ ಸಂಯಮ ಕಲಿಸಹೊರಟರೆ ಅದನ್ನು ಧರ್ಮೋಪದೇಶವೆಂದು ಒಪ್ಪಬೇಕಾಗಿಲ್ಲ, ಏಕೆಂದರೆ ವ್ರತವನ್ನು ಹಿಡಿಯುವುದು ತನಗಾಗಿಯೇ ಹೊರತು ಅದನ್ನು ಇನ್ನೊಬ್ಬನ ಮೇಲೆ ಹೇರಲು ಬರುವುದಿಲ್ಲ.

ಹಾಗೆಂದು ಕರೆಗಳೆಲ್ಲ ಅಗತ್ಯ, ಚಿತ್ರಗಳೆಲ್ಲ ಅನರ್ಥವೆಂದು ಗೆರೆ ಎಳೆಯುವುದಕ್ಕೂ ಆಗುವುದಿಲ್ಲ. ಫ್ಲೋರಿಡಾದ ಪಾರ್ಕಿನಲ್ಲಿ ನಿಂತ ಮೊಮ್ಮಗಳು, ಹಾಸಿಗೆ ಹಿಡಿದು ಊರಿನಲ್ಲಿ ಮಲಗಿರುವ ಅಜ್ಜಿಗೆ ಬಾಣಬಿರುಸನ್ನು ನೇರವಾಗಿ ತೋರಿಸಲು ವಿಡಿಯೊ ಕರೆ ಮಾಡಿದರೆ, ಅದು ಅಂದಿನ ಸೆಲ್ಲಿನ ಮೇಲೆ ಬೀಳುವ ಅತ್ಯಂತ ಭಾರವಾದ ಬೇಡಿಕೆಗಳಲ್ಲಿ ಒಂದಾಗಿರುತ್ತದೆ, ಮತ್ತು ಅತ್ಯಂತ ನ್ಯಾಯವಾದವುಗಳಲ್ಲಿಯೂ ಒಂದಾಗಿರಬಹುದು. ಅಜ್ಜಿಗೆ ನಾಳೆ ತೋರಿಸಿದರೂ ಆದೀತೇ, ಇಂದೇ ತೋರಿಸಬೇಕೇ ಎಂಬುದನ್ನು ಮೊಮ್ಮಗಳಲ್ಲದೆ ಯಾರೂ ಹೇಳಲಾರರು; ಅವಳ ಪಕ್ಕದಲ್ಲಿ ನಿಂತು ಅದೇ ಆಕಾಶವನ್ನು ಚಿತ್ರಿಸುತ್ತಿರುವವನಿಗೂ ಆ ಲೆಕ್ಕ ಕಾಣುವುದಿಲ್ಲ, ಆದ್ದರಿಂದ ಅವಳ ಮೇಲೆ ತೀರ್ಪು ಕೊಡುವ ಅಧಿಕಾರವೂ ಅವನಿಗಿಲ್ಲ. ಅವನಿಗೆ ತಿಳಿದಿರುವುದು ತನ್ನ ಚಿತ್ರ ಹೋಟೆಲಿಗೆ ಮರಳಿ ವೈ-ಫೈ ಸಿಕ್ಕ ಮೇಲೆ ಹೋದರೆ ಸಾಲದೇ ಎಂಬುದು ಮಾತ್ರ.