ಮೋಡದೊಳಗಿನ ಊರು



ಮಳೆಗಾಲ ಮುಗಿದು ದಸರೆ ರಜೆ ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಯುವಜನರಿಗೆ ಬೆಟ್ಟ ಹತ್ತುವ ಹುಮ್ಮಸ್ಸು. ಕಿತ್ತೂರು, ಬೈಲಹೊಂಗಲದ ಎರೆಹೊಲಗಳಲ್ಲಿ ಬೆಳೆದ ನಮಗೆ ಖಾನಾಪುರದಾಚೆ ಜಾಂಬೋಟಿ, ಕಣಕುಂಬಿಯ ದಾರಿ ಹಿಡಿದರೆ ಬೇರೊಂದು ಲೋಕವೇ ತೆರೆದಂತಾಗುತ್ತದೆ. ನೀವೂ ಹೋಗಿರಬಹುದು. ಅರಬ್ಬೀ ಸಮುದ್ರದ ಕಡೆಯಿಂದ ಏರಿಬರುವ ಮೋಡ ಕಣಿವೆಯನ್ನು ತುಂಬಿಕೊಳ್ಳುತ್ತದೆ. ಹತ್ತು ಹೆಜ್ಜೆ ಮುಂದಿರುವವರು ಕಾಣುವುದಿಲ್ಲ. ಮಳೆ ನಿಂತಿದ್ದರೂ ಮರಗಳು ಹನಿಯುತ್ತಲೇ ಇರುತ್ತವೆ. ಕೊಂಬೆಯ ಹಾವಸೆಯೂ ನೆಲದ ಕೊಳೆತ ಎಲೆಯೂ ಆ ನೀರನ್ನು ಹಿಡಿದಿಟ್ಟುಕೊಂಡು, ಮೆಲ್ಲನೆ ಒರತೆಗಳಿಗೆ ಬಿಟ್ಟುಕೊಡುತ್ತವೆ.

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸುಮಾರು 300 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಎಂ.ಕೆ. ಹುಬ್ಬಳ್ಳಿಯ ಸೇತುವೆಯ ಕೆಳಗೆ ಹರಿಯುವವಳು, ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಲ್ಲುವವಳು, 2019ರ ಆಗಸ್ಟ್‌ನಲ್ಲಿ ರಾಮದುರ್ಗದ ಮನೆಗಳಿಗೆ ನುಗ್ಗಿದವಳು ಇವಳೇ.

ಕಳೆದ ಸಲ ನಮ್ಮ ಗುಂಪಿನಲ್ಲಿದ್ದ ಹುಡುಗಿಯೊಬ್ಬಳು, “ಇಲ್ಲೇ ಇದ್ದುಬಿಡೋಣ್ರಿ, ಊರಿಗೆ ಹೋಗೂದು ಬ್ಯಾಡ” ಎಂದಳು. ಎಲ್ಲರೂ ನಕ್ಕೆವು. ನನಗೆ ಸಂತ ಪೇತ್ರರ ನೆನಪಾಯಿತು. ಬೆಟ್ಟದ ಮೇಲೆ ಪ್ರಭು ಯೇಸುವಿನ ರೂಪಾಂತರವನ್ನು ಕಂಡ ಅವರು ಅಲ್ಲೇ ಮೂರು ಗುಡಾರ ಹಾಕಲು ಹೊರಟಿದ್ದರು. ಮೋಡ ಬಂದು ಕವಿಯಿತು, ದನಿ ಕೇಳಿಸಿತು. ಆದರೆ ಪ್ರಭು ಅವರನ್ನು ಕೆಳಗೆ ಕರೆದುಕೊಂಡು ಬಂದರು. ಕೆಳಗೆ ಒಬ್ಬ ತಂದೆ, ಮೂರ್ಛೆ ಬೀಳುವ ಮಗನಿಗಾಗಿ ಕಾಯುತ್ತಿದ್ದ. ಶುಭಸಂದೇಶದಲ್ಲಿ ಈ ಎರಡು ಘಟನೆಗಳು ಒಂದರ ಬೆನ್ನಿಗೊಂದು ಬರುತ್ತವೆ. ನಾವು ಮಾತ್ರ ಮೊದಲನೆಯದನ್ನು ಚಿತ್ರ ಬರೆಸಿ ಗೋಡೆಗೆ ಹಾಕುತ್ತೇವೆ.

ನಮ್ಮ ಈ ಬೆಟ್ಟದಲ್ಲಿ ಕಾಯುವವರು ಕೆಳಗಿಲ್ಲ, ಮೋಡದೊಳಗೇ ಇದ್ದಾರೆ. 2011ರಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಘೋಷಿತವಾದ ಸುಮಾರು 190 ಚದರ ಕಿ.ಮೀ. ಕಾಡಿನಲ್ಲಿ ಗವಾಳಿ, ಕೊಂಗಳಾ, ಆಮಗಾಂವದಂಥ ಹಳ್ಳಿಗಳಿವೆ. ಮಳೆಗಾಲದಲ್ಲಿ ಹಳ್ಳಗಳು ತುಂಬಿದರೆ ಹೊರಜಗತ್ತಿನ ಸಂಪರ್ಕವೇ ಕಡಿದುಹೋಗುತ್ತದೆ. 2024ರ ಜುಲೈನಲ್ಲಿ ಆಮಗಾಂವದ ರೋಗಿ ಹೆಣ್ಣುಮಗಳೊಬ್ಬಳನ್ನು ಊರವರು ಕಟ್ಟಿಗೆಯ ಡೋಲಿಯಲ್ಲಿ ಮಲಗಿಸಿ, ಮಳೆಯಲ್ಲಿ ಮೈಲುಗಟ್ಟಲೆ ಹೊತ್ತು ನಡೆದರು. ಆಕೆ ಬದುಕಿ ಉಳಿಯಲಿಲ್ಲ.

ರಸ್ತೆ ಮಾಡಿದರೆ ಕಾಡು ಒಡೆಯುತ್ತದೆ, ನದಿಯ ಮೂಲಕ್ಕೆ ಪೆಟ್ಟು ಬೀಳುತ್ತದೆ ಎನ್ನುತ್ತಾರೆ. ಸುಳ್ಳಲ್ಲ. ಊರು ಬಿಟ್ಟು ಹೊರಬರುವ ಕುಟುಂಬಕ್ಕೆ ಸರ್ಕಾರ 15 ಲಕ್ಷ ರೂಪಾಯಿ ಕೊಡಲು ಮುಂದಾಗಿದೆ. ಕೆಲವರು ಒಪ್ಪಿದ್ದಾರೆ, ಕೆಲವರಿಗೆ ಮನಸ್ಸಿಲ್ಲ. ಹಿರಿಯರ ನೆಲ ಬಿಡುವುದು ಹಣದ ಲೆಕ್ಕವಷ್ಟೇ ಅಲ್ಲ. ಹಾಗೆಂದು ಬಿಡಬೇಡಿರೆಂದು ಹೇಳಲು ನಾನಾರು? ಆ ಡೋಲಿಗೆ ಹೆಗಲು ಕೊಟ್ಟವನಲ್ಲ.

ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೇ ಆಲಿಸಬೇಕೆಂದು ಕೇಳಿಕೊಂಡಿದ್ದರು. ಓದುವಾಗ ಸುಲಭ. ಆದರೆ ಆಮಗಾಂವದ ದಾರಿಯಲ್ಲಿ ಎರಡು ಕೂಗುಗಳೂ ಎದುರುಬದುರು ನಿಂತಿವೆ. ಕಾಡು ಉಳಿಯಲೆಂದು ಕೆಲವರು ಕಷ್ಟಪಡಬೇಕಾದರೆ, ಆ ಕಷ್ಟದಲ್ಲಿ ನಮ್ಮ ಪಾಲೆಷ್ಟು? ನಲ್ಲಿ ತಿರುವುವವರು ನಾವು, ಕಬ್ಬಿಗೆ ನೀರು ಬಿಡುವವರು ನಾವು, ರಜೆಯಲ್ಲಿ ಮೋಡ ನೋಡಲು ಹೋಗುವವರೂ ನಾವೇ.

ಅಂದು ಮಧ್ಯಾಹ್ನ ಒಂದು ಮನೆಯ ಅಂಗಳದಲ್ಲಿ ಬುತ್ತಿ ಬಿಚ್ಚಿದೆವು. ಆ ಮನೆಯ ಅಜ್ಜಿ ಕೇಳದೆಯೇ ಮಜ್ಜಿಗೆ ತಂದುಕೊಟ್ಟರು. ನಮ್ಮ ಹುಡುಗರು ಮೋಡವನ್ನು ಹೊಗಳುತ್ತಿದ್ದರು. ಅಜ್ಜಿ ಮರಾಠಿಯಲ್ಲಿ ಕೇಳಿದರು: “ನಿಮ್ಮೊಳಗ ಡಾಕ್ಟರು ಯಾರಾದರೂ ಇದ್ದೀರೇನು?”

ಯಾರೂ ಇರಲಿಲ್ಲ.